ಮಗಳ ಕೋಣೆಯೂ ಗುರುವಾರದ ಬಂಧುಗಳೂ

ಕಳೆದ ದೀಪಾವಳಿ ಪಾಡ್ಯದ ದಿನ, ಬೆಳಗಿನ ಫರಾಳದ ತಿಂಡಿ ಮುಗಿದ ಮೇಲೆ, ಸೊಲ್ಲಾಪುರದ ನಮ್ಮ ಮನೆಯ ಹಿಂದಿನ ಕೋಣೆಯನ್ನು ಎಂಟು ವರ್ಷದ ಮಗಳು ಅಕ್ಷತಾಳಿಗೆ ವಿಧಿವತ್ತಾಗಿ ಒಪ್ಪಿಸಲಾಯಿತು. ಹಾಜರಿದ್ದವರು ನಾನು, ನನ್ನ ಹೆಂಡತಿ ಸುವರ್ಣಾ, ಮತ್ತು ಬಾಯಿ ತುಂಬ ಚಕ್ಕಲಿ ಇಟ್ಟುಕೊಂಡಿದ್ದ ಫಲಾನುಭವಿ. “ಇನ್ನ ಮ್ಯಾಲ ಈ ಖೋಲಿ ನಿಂದವಾ. ಇಲ್ಲಿ ನೀ ಹೇಳಿದಂಗ” ಎಂದು ನಾನು ಘೋಷಿಸಿದೆ. ಪತ್ರಿಕೆಯ ಕಚೇರಿಯಲ್ಲಿ ಕೂತು ಇತರರ ಘೋಷಣೆಗಳನ್ನು ಅನುಮಾನದಿಂದ ಓದುವುದೇ ನನ್ನ ಕಸುಬು. ಮಂತ್ರಿಗಳು ಉದ್ಘಾಟಿಸಿದ ಟಾಕಿಗೆ ನೀರು ಬಂದಿದೆಯೇ ನೋಡಿಕೊಂಡು ಬಾ ಎಂದು ಮರುದಿನವೇ ವರದಿಗಾರನನ್ನು ಅಟ್ಟುವವನು ನಾನು. ನನ್ನ ಘೋಷಣೆಯ ಬೆನ್ನಿಗೆ ಮಾತ್ರ ಯಾರನ್ನೂ ಅಟ್ಟಲಿಲ್ಲ.

ಕೋಣೆಯನ್ನು ಸಜ್ಜುಗೊಳಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ದಿನಾ ಪುಟ ಕಟ್ಟುವವನಿಗೆ ಇಷ್ಟಗಲದ ಒಂದು ಕೋಣೆ ಯಾವ ಲೆಕ್ಕ? ಕಾಗದದ ಮೇಲೆ ನಕ್ಷೆ ಹಾಕಿದೆ. ಪಲಂಗ ಮುಖ್ಯ ಸುದ್ದಿ, ಕಿಟಕಿಯ ಕೆಳಗೆ. ಓದುವ ಮೇಜು ಎರಡನೆಯ ಸುದ್ದಿ. ಬಟ್ಟೆಯ ಕಪಾಟು ಎಡಗಡೆ ಒಂಟಿ ಕಾಲಂ, ಮೇಲಿನಿಂದ ಕೆಳಗಿನವರೆಗೆ. ಆಟಿಕೆಗಳ ಬುಟ್ಟಿಗಳು ಅಡಿಯಲ್ಲಿ ಚುಟುಕು ಸುದ್ದಿಗಳ ಹಾಗೆ ಸಾಲಾಗಿ. ಇಷ್ಟಾದರೂ ನಡುವೆ ಒಂದಿಷ್ಟು ನೆಲ ಉಳಿಯಿತು. ಖಾಲಿ ಜಾಗ ಕಂಡರೆ ಪತ್ರಿಕೆಯವನ ಕೈ ಸುಮ್ಮನಿರುವುದಿಲ್ಲ. ಅಲ್ಲೊಂದು ದುಂಡನೆಯ ಸ್ಟೂಲು ಇಡಿಸಿದೆ.

“ಪಪ್ಪಾ, ನಾ ಆಡೂದೆಲ್ಲಿ?” ಎಂದಳು ಅಕ್ಷತಾ.

“ಆಡಾಕ ಹಾಲ್ ಐತಲ್ಲ.”

“ಮತ್ತ ಖೋಲಿ ಯಾಕ ಕೊಟ್ಟಿ?”

ಈ ಪ್ರಶ್ನೆಯನ್ನು ಸ್ಥಳಾಭಾವದಿಂದ ಮುಂದಕ್ಕೆ ಹಾಕಿದೆ. ಸ್ಟೂಲು ಸಂಜೆಯೊಳಗೆ ಹಿತ್ತಲಿನಲ್ಲಿತ್ತು. ಅದನ್ನು ಹೊರಗಿಟ್ಟವರು ಯಾರೆಂದು ಇದುವರೆಗೆ ತಿಳಿದುಬಂದಿಲ್ಲ.

ನಿಜವಾದ ತೊಡಕು ಚಾದರಗಳದು. ಬೇರೆ ಊರುಗಳಲ್ಲಿ ಸತ್ಕಾರಕ್ಕೆ ಶಾಲು ಹೊದಿಸುತ್ತಾರೆ. ಅದು ತೆಳ್ಳಗಿರುತ್ತದೆ, ಮಡಚಿ ಇಟ್ಟರೆ ಮರೆತೇ ಹೋಗುತ್ತದೆ. ನಮ್ಮೂರಿನಲ್ಲಿ ಚಾದರ ಕೊಡುತ್ತಾರೆ. ಮಗ್ಗದಿಂದ ಈಗಷ್ಟೇ ಇಳಿದದ್ದು, ಎರಡೂ ಬದಿಗೆ ನಮೂನೆ ಇರುವುದು, ಹೆಗಲಿಗೆ ಹಾಕಿದರೆ ಸತ್ಕಾರಗೊಂಡವನು ಒಂದು ಕಡೆ ವಾಲುವಷ್ಟು ಭಾರದ್ದು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯಾವುದೋ ಕಾರ್ಖಾನೆಯ ವಾರ್ಷಿಕೋತ್ಸವ, ಯಾರದೋ ನಿವೃತ್ತಿ ಸಮಾರಂಭ, ಶಾಲೆಯ ಬಹುಮಾನ ವಿತರಣೆ, ಎಲ್ಲಿಗೆ ಹೋದರೂ ಪತ್ರಿಕೆಯವನನ್ನು ಬರಿಗೈಯಲ್ಲಿ ಕಳಿಸುವ ರೂಢಿ ಇಲ್ಲ. ಸುದ್ದಿ ಒಳಪುಟದಲ್ಲಿ ಎರಡು ಸಾಲು ಬಂದರೂ ಚಾದರ ಮಾತ್ರ ಡಬಲ್ ಬೆಡ್ಡಿನದು. ಹಿಂದಿನ ಕೋಣೆ ಇಷ್ಟು ದಿನ ಅವುಗಳದೇ ಆಗಿತ್ತು. ಹೀಗಾಗಿ ನಾನು ಪೆಟ್ಟಿಗೆಯಂಥ ಪಲಂಗ ಮಾಡಿಸಿದೆ. ಮೇಲಿನ ಹಲಗೆ ಎತ್ತಿದರೆ ಒಳಗೆ ಮನೆಯ ಚಾದರ, ಗಾದಿ, ದಿಂಬು ಎಲ್ಲವೂ. ಹಲಗೆ ಇಳಿಸಿದರೆ ಮೇಲೆ ಮಗಳು.

ಸುವರ್ಣಾ ಕಾಲೇಜೊಂದರ ಕಚೇರಿಯಲ್ಲಿ ಕ್ಲಾರ್ಕು. ಯಾವ ವಸ್ತು ಯಾರ ಕೈಗೆ ಎಟುಕುವ ಹಾಗೆ ಇರಬೇಕು ಎಂಬುದರಲ್ಲಿ ಅವಳ ಅಭಿಪ್ರಾಯಗಳು ಗಟ್ಟಿ. “ಅಲ್ರೀ, ಬಂದ ಮಂದಿ ಹಾಸಗಿ ಎಲ್ಲಾ ಆಕಿ ಬುಡಕ ತುಂಬಾಕತ್ತೀರಿ. ನಾಳೆ ಯಾರರೆ ಬಂದ್ರ ಏನ ಮಾಡವ್ರು?”

“ಯಾರ ಬರ್ತಾರ?” ಎಂದೆ.

ಅಕ್ಕಲಕೋಟಕ್ಕೆ ಬಸ್ಸು ಹಿಡಿಯುವ ಊರಿನಲ್ಲಿ ಮನೆ ಮಾಡಿದವನು ಕೇಳಬಾರದ ಪ್ರಶ್ನೆ ಇದು. ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೋಗುವ ನಮ್ಮ ಬಂಧುಗಳೆಲ್ಲರ ಕ್ರಮ ಒಂದೇ. ಗುರುವಾರ ಬೆಳಿಗ್ಗೆ ದರ್ಶನ, ಮಧ್ಯಾಹ್ನ ಅನ್ನಛತ್ರದಲ್ಲಿ ಹೊಟ್ಟೆ ತುಂಬ ಪ್ರಸಾದ. ಮರಳುವ ಬಸ್ಸು ವಳಸಂಗ ದಾಟುವ ಹೊತ್ತಿಗೆ ತೂಕಡಿಕೆ. ಸೊಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿದೊಡನೆ ನಮ್ಮ ನೆನಪು. ಸಂಜೆಯ ಗಾಡಿಯವರೆಗೆ ಅಡ್ಡಾಗಲು ಜಾಗ ಬೇಕಲ್ಲ. ಮೊದಲು ಬಂದವರು ಇಂಡಿ ಊರಿನ ಗಂಗವ್ವ ಅತ್ತೆ, ನನ್ನ ತಂದೆಯ ತಂಗಿ. ಕಾಲು ತೊಳೆದು ನೇರವಾಗಿ ಹಿಂದಿನ ಕೋಣೆಗೆ ನಡೆದರು.

“ಹೊಸಾ ಪಲಂಗ! ನನಗಂತ ಮಾಡ್ಸೀಯೇನೋ ಪರಮ್ಯಾ?”

ನಾನು ನಿರಾಕರಿಸಲಿಲ್ಲ. ನಿರಾಕರಿಸದ ಹೇಳಿಕೆ ಒಪ್ಪಿಗೆಯಾಗುತ್ತದೆ. ಗಾದಿ ಸರಿಸಿ, ಹಲಗೆ ಎತ್ತಿ, ಚಾದರ ಎಳೆದುಕೊಟ್ಟೆ. ಅದೇ ದಿನ ಅಕ್ಷತಾ ಶಾಲೆಯಿಂದ ಗೆಳತಿ ಸಾಯಲಿಯನ್ನು ಕೋಣೆ ತೋರಿಸಲು ಕರೆತಂದಳು. ಬಾಗಿಲು ತೆರೆದರೆ ಮುಖ್ಯ ಸುದ್ದಿಯ ಜಾಗದಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದಾರೆ. ಸಾಯಲಿ ಹಾಲಿನಲ್ಲಿ ಕೂತು ಬಿಸ್ಕೀಟು ತಿಂದಳು, ಇದು ನಿನ್ನ ಖೋಲಿಯೋ ಅಜ್ಜಿಯದೋ ಎಂದು ಮರಾಠಿಯಲ್ಲಿ ಕೇಳಿದಳು, ಮನೆಗೆ ಹೋದಳು. ಮುಂದಿನ ಗುರುವಾರ, ಊರು ಅಕ್ಕಲಕೋಟದ ಆಚೆಗಿದ್ದರೂ, ನಾಗಣಸೂರದ ಕಾಕಾ, ಕಾಕು. ಅವತ್ತೂ ಸಾಯಲಿಗೆ ಬಿಸ್ಕೀಟೇ. ಮರುದಿನ ಅಕ್ಷತಾ ಶಾಲೆಯಿಂದ ಬಂದವಳು ಪುಸ್ತಕದ ದಫ್ತರ ಬಿಸಾಡಿದಳು.

“ಸಾಯಲಿ ಸಾಲ್ಯಾಗ ಎಲ್ಲಾರ ಮುಂದ ಹೇಳ್ಯಾಳ, ಅಕ್ಷತಾಗ ಖೋಲೀನ ಇಲ್ಲ, ಸುಳ್ಳ ಹೇಳ್ತಾಳ ಅಂತ. ಖೋಲಿ ನಿಂದು ಅಂತ ಹೇಳಿದಾಂವ ನೀ. ಸುಳ್ಳಿ ಆದಾಕಿ ನಾ.”

ವೃತ್ತಿಯಲ್ಲಿ ನನಗೆ ಬಂದಿರುವ ಆಕ್ಷೇಪಗಳಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಅತ್ತೆ ಮತ್ತೆ ಬಂದಾಗ ನಾನೇ ನೇರವಾಗಿ ಹೇಳುವುದೆಂದು ನಿಶ್ಚಯಿಸಿದೆ. ನನಗೇನೂ ಅಳುಕಿರಲಿಲ್ಲ. ಜಿಲ್ಲಾಧಿಕಾರಿಗಳಿಗೆ ಒರಟು ಪ್ರಶ್ನೆ ಹಾಕಿದವನು, ಇಂಡಿಯ ಅತ್ತೆಗೆ ಒಂದು ಮಾತು ಹೇಳಲಾರೆನೇ? ಅತ್ತೆ ಬಂದರು. ಚಹಾ ಕೊಟ್ಟೆ. ಎದುರಿಗೆ ಕೂತೆ.

“ಅತ್ತೀ, ಏನಂದ್ರ...”

“ಏನೋ?”

“ಏನಿಲ್ಲ. ಸಕ್ಕರಿ ಬರೋಬರ ಐತೇನ್ರಿ?”

ಸಕ್ಕರೆ ಸರಿಯಾಗಿತ್ತು. ಅತ್ತೆ ಲೋಟ ಇಟ್ಟು ಎದ್ದು ಕೋಣೆಯ ಕಡೆ ಹೊರಟರು. ಅಷ್ಟರಲ್ಲಿ ಶಾಲೆಯಿಂದ ಬಂದ ಅಕ್ಷತಾ ಚಪ್ಪಲಿಯನ್ನೂ ಬಿಡದೆ ಓಡಿ ಬಾಗಿಲಿಗೆ ಅಡ್ಡ ನಿಂತಳು. ಹಿಂದೆ ಸಾಯಲಿ, ಸಾಕ್ಷಿಯಾಗಿ.

“ಅಜ್ಜೀ, ಇದು ನನ್ನ ಖೋಲಿ. ಕೇಳಿ ಬರಬೇಕು.”

ಅವತ್ತು ರಜೆ ಹಾಕಿದ್ದ ಸುವರ್ಣಾ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

“ಯಾರ ಹೇಳ್ಯಾರ ಹಂಗಂತ?”

“ಪಪ್ಪಾ.”

ಅತ್ತೆ ನನ್ನನ್ನು ನೋಡಿದರು. ನಾನು ಫ್ಯಾನನ್ನು ನೋಡಿದೆ. ತಿರುಗದ ಫ್ಯಾನಿನಲ್ಲಿ ಎಷ್ಟು ಹೊತ್ತು ಆಸಕ್ತಿ ತೋರಿಸಬಹುದು? ಕೊನೆಗೆ ಅತ್ತೆ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಸೆರಗು ಸರಿಮಾಡಿಕೊಂಡರು.

“ಒಳಗ ಬರ್ಲೇನ್ರಿ, ಅಕ್ಷತಾಬಾಯಾರ?”

ಅಕ್ಷತಾ ಯೋಚಿಸಿದಳು. “ಬರ್ರಿ. ಖರೆ, ಪಲಂಗದ ಮ್ಯಾಲ ನಾವು ಆಡವ್ರು. ನೀವು ಕೆಳಗ ಮಲಗ್ರಿ.”

“ಕೆಳಗಾದ್ರ ಕೆಳಗ. ಏ ಪರಮ್ಯಾ, ಒಂದು ಗಾದಿ, ಎರಡು ಚಾದರ ತಗಿ.” ಸ್ಟೂಲು ಖಾಲಿ ಮಾಡಿದ್ದ ನೆಲದಲ್ಲಿ ಗಾದಿ ಸರಿಯಾಗಿ ಹಿಡಿಸಿತು. ಅತ್ತೆ ಒರಗಿ ಸುತ್ತ ನೋಡಿ ಹೇಳಿದರು: “ಛಲೋ ಆತು ಬಿಡವ್ವಾ ನಿಂದು. ನಮ್ಮ ಮನ್ಯಾಗ ನಾ ಬಾಗಲಾ ಹಾಕ್ಕೊಂಡ ಮಲಗಿದ್ದು ಬಾಣಂತನದಾಗಷ್ಟ. ಅವಾಗೂ ಕೂಸು ಬಿಡತಿದ್ದಿಲ್ಲ.”

ಸಾಯಲಿ ಕಪಾಟು, ಮೇಜು, ಬುಟ್ಟಿ ಎಲ್ಲವನ್ನೂ ತೆರೆದು ನೋಡಿದಳು. ನಮ್ಮ ವರದಿಗಾರರಲ್ಲಿ ಇಷ್ಟು ಕೂಲಂಕಷ ಕೆಲಸ ನಾನು ಕಂಡಿಲ್ಲ. ಮರುದಿನ ತರಗತಿಯಲ್ಲಿ ಆಕೆಯೇ ನಿಂತು ತಿದ್ದುಪಡಿ ಹೇಳಿದಳೆಂದು ಅಕ್ಷತಾ ತಿಳಿಸಿದಳು.

ಆಮೇಲೆ ಎಲ್ಲರೂ ಬಾಗಿಲಲ್ಲಿ ನಿಂತು ಕೇಳುತ್ತಾರೆ. ನಾಗಣಸೂರದ ಕಾಕಾ ಕೂಡ ಕೆಮ್ಮಿ, ಕೇಳಿ, ಒಳಗೆ ಹೋಗುತ್ತಾರೆ. ಅತ್ತೆಯ ಗುರುವಾರಗಳು ಹೆಚ್ಚಾಗಿವೆ. ಈಗೀಗ ಅವರು ದರ್ಶನಕ್ಕೆ ಬರುತ್ತಾರೋ ಕೋಣೆಗೆ ಬರುತ್ತಾರೋ ಎಂಬುದು ಖಚಿತಪಟ್ಟಿಲ್ಲ. ಕಳೆದ ಗುರುವಾರ ನನಗೆ ಮೈ ಬೆಚ್ಚಗಾಗಿ ಕಚೇರಿಯಿಂದ ಬೇಗ ಬಂದೆ. ಚಳಿ ಹತ್ತಿತ್ತು. ಹೊದೆಯಲು ಒಂದು ಚಾದರಕ್ಕೆ ಹಿಂದಿನ ಕೋಣೆಗೆ ಹೋದರೆ ಒಳಗಿನಿಂದ ಚಿಲಕ. ಬಾಗಿಲು ತಟ್ಟಿದೆ.

“ಯಾರು?” ಅತ್ತೆಯ ದನಿ.

“ನಾ, ಪರಮು. ಒಂದು ಚಾದರ ಬೇಕಾಗಿತ್ರಿ.”

ಒಳಗೆ ಪಿಸುಮಾತಿನ ಸಮಾಲೋಚನೆ ನಡೆಯಿತು. ಸಾಯಲಿ ನಕ್ಕದ್ದು ಕೇಳಿಸಿತು. ಉತ್ತರ ಮಗಳಿಂದ ಬಂತು.

“ಪಪ್ಪಾ, ಹಲಗಿ ಮ್ಯಾಲ ಮೂರೂ ಮಂದಿ ಕುಂತೇವಿ. ಆಟಾ ಮುಗದಿಲ್ಲ. ಆಮ್ಯಾಲ ಬಾ.”

ಸಂಜೆ ಸುವರ್ಣಾ ಕಾಲೇಜಿನಿಂದ ಬಂದಾಗ ಬಾಗಿಲು ಇನ್ನೂ ತೆರೆದಿರಲಿಲ್ಲ. ನಾನು ಹಾಲಿನ ಸೋಫಾದ ಮೇಲೆ, ಅಂದಿನ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ಹೊದ್ದುಕೊಂಡು ಮಲಗಿದ್ದೆ.