ಸಿದ್ದೇಗೌಡರ ಮೇಲೆ ನಾನು ಹೇರಿದ ದಿಗ್ಬಂಧನ

ಭಯದಲ್ಲಿ ಎರಡು ಬಗೆ. ಹೇಳಿಕೊಳ್ಳಬಹುದಾದದ್ದು ಒಂದು, ಹೇಳಿಕೊಳ್ಳಲಾಗದ್ದು ಇನ್ನೊಂದು. ಅಣ್ವಸ್ತ್ರದ ಭಯ, ಮೂರನೆಯ ಮಹಾಯುದ್ಧದ ಭಯ ಮೊದಲನೆಯ ಬಗೆಯವು. ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು ಅವನ್ನು ಸಭೆಯಲ್ಲೇ ಹೇಳಬಹುದು. ಆದರೆ ಕಬ್ಬಿನ ಗದ್ದೆಯ ಪಕ್ಕ ಒಬ್ಬನೇ ನಡೆಯಲು ಭಯ ಎಂಬುದನ್ನು, ಜೀವಮಾನವಿಡೀ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸಿದವನು ಹೆಂಡತಿಯ ಮುಂದೆಯೂ ಬಾಯಿಬಿಡುವಂತಿಲ್ಲ. ಹಾಗಾಗಿ ನಿಮ್ಮ ಮುಂದೆ ಬಿಡುತ್ತಿದ್ದೇನೆ.

ಸಕ್ಕರೆ ಕಾಯಿಲೆಯ ದೆಸೆಯಿಂದ ನಾನು ದಿನಾ ಬೆಳಗ್ಗೆ ಮಳವಳ್ಳಿಯಾಚೆಯ ನಾಲೆ ರಸ್ತೆಯಲ್ಲಿ ನಡೆಯಬೇಕೆಂದು ಡಾಕ್ಟರ ಅಪ್ಪಣೆ. ಜೊತೆಗೆ ಪಕ್ಕದ ಮನೆಯ ಸಿದ್ದೇಗೌಡರು. ಶಿವನಸಮುದ್ರದ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾದವರು. ಆರಡಿ ಆಳು, ಕೈಯಲ್ಲಿ ಬಿದಿರು ದೊಣ್ಣೆ. ಈ ದೊಣ್ಣೆಗೆ ಇತ್ತೀಚೆಗೆ ವಿಶೇಷ ಮಹತ್ವ ಬಂದಿತ್ತು. ನಾಲೆ ಪಕ್ಕದ ಕಬ್ಬಿನಲ್ಲಿ ಚಿರತೆ ಸೇರಿಕೊಂಡು ಎರಡು ನಾಯಿ, ಒಂದು ಕರು ಕಾಣೆಯಾಗಿದ್ದವು. ಬೋನು ತಂದಿಟ್ಟು ಒಳಗೊಂದು ಮೇಕೆ ಕಟ್ಟಿದ್ದರು. ಹೊತ್ತುಹೊತ್ತಿಗೆ ಸೊಪ್ಪು ತಿಂದು ಮೇಕೆ ಮೈ ತುಂಬಿಕೊಳ್ಳುತ್ತಿತ್ತೇ ಹೊರತು ಚಿರತೆ ಅತ್ತ ತಲೆ ಹಾಕಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ, ನಾಲೆ ಏರಿಯ ಟೀ ಅಂಗಡಿಯಲ್ಲಿ ಪೇಪರ್ ಸುದ್ದಿಯ ನೆವದಿಂದ ನಾನು ಪಾಠ ತೆಗೆದೆ. "ಯುದ್ಧ ಯಾಕ್ರೀ ಬೇಕು? ಎಣ್ಣೆ ನಿಲ್ಲಿಸಿ, ಬ್ಯಾಂಕು ನಿಲ್ಲಿಸಿ, ವ್ಯಾಪಾರ ನಿಲ್ಲಿಸಿ. ಆರೇ ತಿಂಗಳು. ಎಂಥ ಸರ್ವಾಧಿಕಾರಿಯಾದರೂ ದಾರಿಗೆ ಬರುತ್ತಾನೆ."

"ಬರಕಿಲ್ಲ ಬುಡಿ ಮೇಷ್ಟ್ರೇ," ಎಂದರು ಸಿದ್ದೇಗೌಡರು ಟೀ ಆರಿಸಿಕೊಳ್ಳುತ್ತಾ. "ನಾವು ಲೈನ್ ಆಫ್ ಮಾಡುದ್ರೆ ದೊಡ್ಡೋರ ಮನೇಲಿ ಜನರೇಟ್ರು ಓಡ್ತಿತ್ತು. ಕತ್ಲಲ್ಲಿ ಕುಂತ್ಕತಿದ್ದೋರು ಬಡವ್ರು. ನೀವು ಪುಸ್ತಕ ನೋಡಿ ಯೋಳ್ತೀರಿ, ನಾನು ಸ್ವಿಚ್ಚು ನೋಡಿ ಯೋಳ್ತೀನಿ."

ಅಂಗಡಿಯವನು ನಕ್ಕ. ಬೆಂಚಿನ ಮೇಲಿದ್ದವರೂ ನಕ್ಕರು. ಬೋನಿನ ಮೇಕೆ ಕೂಡ ಅರಚಿದಂತಾಯಿತು. ನಾನು ಮನೆಗೆ ಬಂದವನೇ ಪೂರ್ಣ ಗಾಂಭೀರ್ಯದಿಂದ, ಸ್ನಾನ ಮಾಡಿ, ಸಿದ್ದೇಗೌಡರ ಮೇಲೆ ದಿಗ್ಬಂಧನ ಹೇರಿದೆ. ಅವರು ದಿನಾ ಓದಲು ಒಯ್ಯುವ ನನ್ನ ಪೇಪರ್ ಬಂದ್. ನಮ್ಮ ಹಿತ್ತಲ ಕರಿಬೇವು ಬಂದ್. ನಡಿಗೆಯಲ್ಲಿ ನನ್ನ ಸಹವಾಸ, ಮಾತುಕತೆ ಸಮೇತ ಬಂದ್. ಅವರು ತಾವಾಗಿ ಬಂದು ತಪ್ಪಾಯಿತು ಎನ್ನುವವರೆಗೆ ಇದು ಜಾರಿಯಲ್ಲಿರತಕ್ಕದ್ದು. ಮುನ್ಸೂಚನೆ ಕೊಡಲಿಲ್ಲ, ಕೊಡದಿದ್ದರೆ ಪೆಟ್ಟು ಜೋರು ಎಂಬುದು ನನ್ನ ಎಣಿಕೆ.

ಪೇಪರನ್ನು ಅವರು ಕ್ಷೌರದಂಗಡಿಯಲ್ಲಿ ಓದತೊಡಗಿದರು. ಕರಿಬೇವಿನ ವಿಷಯದಲ್ಲಿ ನನ್ನ ಮನೆಯೊಳಗೇ ದ್ರೋಹ ನಡೆಯಿತು. ಅವರ ಹೆಂಡತಿ ಸಾಕಮ್ಮ ಹಿಂದಿನ ವಾರ ಹಿತಕಿದ ಅವರೆಕಾಳು ಕೊಟ್ಟು ಕಳಿಸಿದ್ದ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿತ್ತು. ಅದನ್ನು ಹಿಂದಿರುಗಿಸುವಾಗ ನನ್ನ ಹೆಂಡತಿ ಜಯಮ್ಮ ಒಂದಚ್ಚು ಬೆಲ್ಲ ಇಟ್ಟು, ಮೇಲೆ ಕರಿಬೇವು ತುಂಬುತ್ತಿದ್ದಳು.

"ಏನಿದು?" ಎಂದೆ.

"ಖಾಲಿ ಡಬ್ಬಿ ಕೊಟ್ಟು ಬರೋಕೆ ಯಾವ ಮುಖ ಇಟ್ಕೊಂಡು ಹೋಗಲ್ರೀ? ನಿಮ್ಮ ಜಗಳ ಬೀದೀಲಿರಲಿ, ಅಡುಗೆಮನೆಗೆ ತರಬೇಡಿ."

ಮಾರನೆಯ ದಿನ ಅದೇ ಡಬ್ಬಿಯಲ್ಲಿ ನುಚ್ಚಿನುಂಡೆ ಬಂತು. ಅವರೂ ಖಾಲಿ ಕೊಡುವ ಜನವಲ್ಲ. ದಿಗ್ಬಂಧನ ಹೇರಿದ ರಾಷ್ಟ್ರ ಶತ್ರುರಾಷ್ಟ್ರದ ಸರಕನ್ನು ಬಳಸಿದ ಉದಾಹರಣೆಗಳು ಚರಿತ್ರೆಯಲ್ಲಿ ಇಲ್ಲದಿಲ್ಲ ಎಂದುಕೊಂಡು ನಾಲ್ಕು ತಿಂದೆ.

ಉಳಿದದ್ದು ನಡಿಗೆ. ಇಲ್ಲಿ ಪೆಟ್ಟು ಬಿದ್ದದ್ದು ಯಾರಿಗೆಂದು ಮೊದಲ ದಿನವೇ ಗೊತ್ತಾಯಿತು. ಎರಡೂ ಕಡೆ ಆಳೆತ್ತರದ ಕಬ್ಬು, ಇನ್ನೂ ಹರಿಯದ ಮಂಜು, ನಡುವೆ ದೊಣ್ಣೆಯಿಲ್ಲದ ನಾನು. ಗರಿ ಅಲುಗಿದರೆ ಎದೆ ಅಲುಗುತ್ತಿತ್ತು. ಮನೆಯಲ್ಲಿ ಕುಳಿತುಬಿಡೋಣವೆಂದರೆ ಸೋತೆನೆಂದು ಒಪ್ಪಿಕೊಂಡ ಹಾಗೆ. ಎರಡನೆಯ ದಿನ ಹಿಂದೆ ಏನೋ ಪಟಪಟ ಸಪ್ಪಳ. ನಾನು ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ತಿರುಗಿ ನೋಡುವ ಧೈರ್ಯವಿದ್ದಿದ್ದರೆ ನಾನು ರಾಜ್ಯಶಾಸ್ತ್ರ ಏಕೆ ತೆಗೆದುಕೊಳ್ಳುತ್ತಿದ್ದೆ? ಚಿರತೆ ಚಪ್ಪಲಿ ಹಾಕುವುದಿಲ್ಲವೆಂಬ ಸಾಮಾನ್ಯ ಜ್ಞಾನ ನನಗಿಲ್ಲವೆಂದಲ್ಲ. ಭಯ ಮೊದಲು ಓಡಿಸುವುದು ಅದನ್ನೇ. ಮನೆಗೆ ಬಂದು ಬಾಗಿಲು ಹಾಕಿ ಚಿಲಕ ಜಡಿದೆ. ನಾನು ಸತ್ತರೆ ಜಯಮ್ಮನಿಗೆ ಸಂಗತಿ ಯಾರು ತಿಳಿಸುತ್ತಾರೆ? ಸಿದ್ದೇಗೌಡರೇ ತಿಳಿಸಬೇಕು. ಅವರೊಡನೆಯೋ ಮಾತಿಲ್ಲ.

ಐದನೆಯ ದಿನ ಬೋನು ದಾಟಿದೆ. ಬೋನಿನ ಬಾಗಿಲು ತೆರೆದೇ ಇತ್ತು. ಒಳಗೆ ಮೇಕೆ ಇರಲಿಲ್ಲ. ಹಗ್ಗದ ತುಂಡು ಮಾತ್ರ ನೇತಾಡುತ್ತಿತ್ತು. ಅದೇ ಹೊತ್ತಿಗೆ ಬಲಗಡೆಯ ಕಬ್ಬು ಸರಸರನೆ ಬಗ್ಗಿತು. ನನ್ನ ಬಾಯಿಂದ ದೇವರ ಹೆಸರು ಬರಲಿಲ್ಲ. "ಸಿದ್ದೇಗೌಡ್ರೇ!" ಎಂದು ಕಿರುಚಿದೆ.

"ಇಲ್ಲೇ ಇವ್ನಿ ಬುಡಿ ಮೇಷ್ಟ್ರೇ," ಎಂದಿತು ಹಿಂದಿನಿಂದ ಒಂದು ದನಿ.

ಇಪ್ಪತ್ತು ಹೆಜ್ಜೆ ಹಿಂದೆ, ದೊಣ್ಣೆ ಸಮೇತ, ಸಾಕ್ಷಾತ್ ಅವರೇ. ಕಬ್ಬಿನಿಂದ ಹೊರಬಂದದ್ದು ಹಗ್ಗ ಹರಿದುಕೊಂಡಿದ್ದ ಮೇಕೆ. ಅದು ನಮ್ಮಿಬ್ಬರನ್ನೂ ಲೆಕ್ಕಕ್ಕಿಡದೆ ಏರಿ ಹತ್ತಿ ಹೋಯಿತು.

"ನೀವು... ದಿನಾ ಹಿಂದೆ ಬರ್ತಿದ್ದಿರಾ?"

"ಊಂ. ಡಬ್ಬಿ ಕೊಡಕ್ಕೆ ಬಂದಾಗ ನಿಮ್ಮನೆ ಅಮ್ಮಾರು ಯೋಳಿದ್ರು. ಅವ್ರ್ಗೆ ಗಂಟ್ಲು ಕೆಟ್ಟದೆ, ಮಾತಾಡುಸ್ಬೇಡಿ, ವಸಿ ಇಂದ್ಗಡೆಯಿಂದ ನೋಡ್ಕಳಿ ಅಂತ."

ಗಂಟಲಿನ ವಿಷಯ ಶುದ್ಧ ಸುಳ್ಳೆಂದು ನಾನು ಘೋಷಿಸಿದೆ. ಅವರ ಮೇಲೆ ಐದು ದಿನದಿಂದ ದಿಗ್ಬಂಧನವಿದೆಯೆಂದೂ, ಮಾನವೀಯ ದೃಷ್ಟಿಯಿಂದ ನಡಿಗೆಯ ಮಟ್ಟಿಗೆ ಅದನ್ನೀಗ ಸಡಿಲಿಸಿದ್ದೇನೆಂದೂ ತಿಳಿಸಿದೆ.

ಸಿದ್ದೇಗೌಡರು ನಿಜವಾಗಿಯೂ ನೊಂದುಕೊಂಡರು. "ನನ್ ಮ್ಯಾಲಾ? ಅದ್ಯಾವಾಗ ಆಕುದ್ರಿ ಮೇಷ್ಟ್ರೇ? ಒಂದ್ ಮಾತು ಯೋಳ್ಬಾರ್ದಾ? ನಾನೂ ವಸಿ ಕಷ್ಟ ಪಡ್ತಿದ್ದೆ."

ನಾನು ಸುಮ್ಮನಿರಲಿಲ್ಲ. ದಿಗ್ಬಂಧನದ ಪರಿಣಾಮ ಕೂಡಲೇ ಕಣ್ಣಿಗೆ ಬೀಳುವುದಿಲ್ಲವೆಂದೂ, ಬಲಿಷ್ಠ ರಾಷ್ಟ್ರಕ್ಕೆ ತಾಳ್ಮೆ ಬೇಕೆಂದೂ ದಾರಿಯುದ್ದಕ್ಕೂ ವಿವರಿಸಿದೆ. ಅವರು ಎಲ್ಲಕ್ಕೂ ಊಂಗುಟ್ಟಿದರು. ಕಬ್ಬಿನ ಗದ್ದೆ ಮುಗಿದು ಊರಿನ ಮೊದಲ ಮನೆ ಸಿಕ್ಕಿದಾಗ ಮೆಲ್ಲಗೆ, "ಮೇಷ್ಟ್ರೇ, ಇನ್ನಾದ್ರೂ ಕೈ ಬುಡಿ. ಬೆರಳು ಮರಗಟ್ಟೋದೊ," ಎಂದರು.

ನೋಡಿಕೊಂಡೆ. ಅವರ ಎಡಗೈಯನ್ನು ನನ್ನ ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ. ದಿಗ್ಬಂಧನದ ಬಗ್ಗೆ ವಿವರಿಸಬೇಕಾದ ಇನ್ನೂ ಎರಡು ಅಂಶಗಳು ಬಾಕಿ ಇವೆ ಎಂದು, ನಮ್ಮ ಮನೆಯ ಗೇಟಿನವರೆಗೂ ಬಿಡಲಿಲ್ಲ.