ರುಕ್ಕಮ್ಮ ಟೀಚರ ಲೆಕ್ಕದ ಪೀರಿಯಡ್ಡು

ಬಂಗಾರಪೇಟೆಯ ನಮ್ಮ ಶಾಲೆಯಲ್ಲಿ ಕಂಪ್ಯೂಟರು ರುಕ್ಕಮ್ಮ ಟೀಚರನ್ನು ಸೋಲಿಸಿತು ಎಂದು ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಪೆಟ್ಟಿಗೆ ಯಾರ ತಂಟೆಗೂ ಹೋಗಿರಲಿಲ್ಲ. ಸೋಲಿಸಿದವನು ನಾನು.

ತೊಂಬತ್ತರ ದಶಕದ ಮಾತು. ಕೆಜಿಎಫ್ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನೆಲ್ಲ ಬಾಚಿಕೊಂಡು, ಅವುಗಳಿಂದ ಬೇರೇನೂ ಹುಟ್ಟದೆ, ಈ ಶಾಲೆಯಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ದಾನಿಯೊಬ್ಬರು ಕೊಟ್ಟ ಕಂಪ್ಯೂಟರಿಗೆ ಕುಂಕುಮವಿಟ್ಟು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ನಾಸ್ತಿಕನಾದ ನಾನೂ ಬಿಡುತ್ತಿದ್ದೆ. ಅದು ಒಂದು ಲೆಕ್ಕ ಕೊಟ್ಟು ನಾಲ್ಕು ಉತ್ತರ ತೋರಿಸುವುದು. ತಪ್ಪು ಒತ್ತಿದರೆ ಕುಂಯ್ ಎನ್ನುವುದು, ಸರಿ ಒತ್ತಿದರೆ ನಕ್ಷತ್ರ. ಪಕ್ಕದ ಕೋಣೆಯಲ್ಲಿ ರುಕ್ಕಮ್ಮ ಟೀಚರು ಹುಣಸೆಬೀಜ ಹರಡಿಕೊಂಡು, ಮಕ್ಕಳು ತೆಲುಗಿನಲ್ಲಿ ಎಣಿಸಲಿ ತಮಿಳಿನಲ್ಲಿ ಎಣಿಸಲಿ ಸುಮ್ಮನಿದ್ದು, ಉತ್ತರ ಬಂದಮೇಲೆ ಮಾತ್ರ "ಎಂಗ್ ಬಂತು?" ಎನ್ನುತ್ತಿದ್ದರು. ಸರಿಯುತ್ತರಕ್ಕೂ ಅದೇ ಪ್ರಶ್ನೆ. ಹೀಗಾಗಿ ಪೀರಿಯಡ್ಡಿಗೆ ಮೂರೇ ಲೆಕ್ಕ.

ಪೋಷಕರ ಸಭೆಯಲ್ಲಿ ನಾನು ನಕ್ಷತ್ರಗಳ ಪಟ್ಟಿ ಓದಿದೆ. "ಇಲ್ಲಿ ಮೂರು ಲೆಕ್ಕ, ಅಲ್ಲಿ ಮೂವತ್ತು. ಏನು ಹೇಳ್ತೀರಿ ಟೀಚರ್?" ಅವರು ಬೀಜದ ಡಬ್ಬಿಯ ಮುಚ್ಚಳ ಒತ್ತಿ ಭದ್ರಪಡಿಸಿದರು, ಅಷ್ಟೆ. ನಾಲ್ಕನೇ ಕ್ಲಾಸಿನ ಸುಗುಣಳ ಅಜ್ಜಿ ಹಿಂದಿನಿಂದ, "ಮಾರಿಕುಪ್ಪಂ ರೈಲಾದ್ರೂ ಅಲ್ಲಲ್ಲಿ ನಿಲ್ತದೆ, ಈ ಮೇಷ್ಟ್ರು ಬಾಯಿ ನಿಲ್ಲಾಕಿಲ್ಲ" ಎಂದರು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ. ಲೆಕ್ಕದ ಪೀರಿಯಡ್ಡುಗಳೆಲ್ಲ ಪೆಟ್ಟಿಗೆಗೆ ಹೋದವು. ಟೀಚರಿಗೆ, ನಿವೃತ್ತಿಗೆ ಮುಂಚಿನ ಆ ಕೊನೆಯ ವರ್ಷದಲ್ಲಿ, ಹೊಲಿಗೆ ಕ್ಲಾಸು.

ವಾರ್ಷಿಕ ಪರೀಕ್ಷೆಯಲ್ಲಿ, ನಕ್ಷತ್ರದ ಪಟ್ಟಿಗೆ ಮೊದಲಿಗಳಾಗಿದ್ದ ಸುಗುಣ ಐವತ್ತೆರಡರಲ್ಲಿ ಮೂವತ್ತೇಳು ಕಳೆದು ಇಪ್ಪತ್ತೈದು ಬರೆದಿದ್ದಳು. ಹೇಗೆ ಬಂತು ಎಂದು ಆಗ, ಮೊದಲ ಬಾರಿಗೆ, ಕೇಳಿದೆ.

"ಎರಡ್ರಾಗೆ ಏಳು ಓಗಲ್ಲ ಸಾ. ಅದ್ಕೆ ಏಳ್ರಾಗೆ ಎರಡು ಕಳೆದೆ."

"ಕಂಪ್ಯೂಟರಲ್ಲಿ ಸರಿ ಮಾಡ್ತಿದ್ದೆಯಲ್ಲ?"

"ಅದ್ರಾಗೆ ನಾಲ್ಕನ್ನೂ ಒಂದೊಂದೇ ಒತ್ಕೊಂಡೋದ್ರೆ ಚುಕ್ಕಿ ಬತ್ತದೆ ಸಾ. ಪೇಪರ್‌ನಾಗೆ ಏನ್ ಒತ್ಲಿ?"

ಉಳಿದ ಪೇಪರುಗಳನ್ನು ತಿರುವಿ ನೋಡಿದರೆ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಹಾಗೇ ಕಳೆದಿದ್ದರು. ಒಂದು ವರ್ಷವನ್ನೂ ಕಳೆದಿದ್ದರು. ಅದನ್ನು ಕಳೆದವನು ನಾನು.

ನಿವೃತ್ತರಾಗಿದ್ದ ಟೀಚರನ್ನು ಹುಡುಕಿಕೊಂಡು ಬೇತಮಂಗಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಅಚ್ಚುಕಟ್ಟಾದ ಕ್ಷಮಾಪಣೆ ಸಿದ್ಧಪಡಿಸಿದೆ, ಮೂರು ಅಂಶಗಳಲ್ಲಿ. ಅವರು ಎಲ್ಲ ಕೇಳಿ, "ಕಾಪಿ ಆರೋಯ್ತದೆ, ಕುಡಿ" ಎಂದರು. ಕುಡಿದೆ. ನನ್ನಲ್ಲಿ ಉಳಿದಿದ್ದ ಒಂದೇ ಮಾತನ್ನು ಕೇಳಿದೆ:

"ಸರಿಯುತ್ತರ ಹೇಳಿದ ಮಗುವನ್ನೂ ಬಿಡದೆ ಕೇಳ್ತಿದ್ರಲ್ಲ ಟೀಚರ್, ಆವತ್ತು ಸಭೇಲಿ ನನ್ನೊಬ್ಬನನ್ನ ಯಾಕೆ ಎಂಗ್ ಬಂತು ಅಂತ ಕೇಳಲಿಲ್ಲ?"