ನಾನು ಸೋಲಿಸಿದ ಕಂಪನಿ

ನಮ್ಮ ಮನೆಯವರು ಜಗತ್ತಿನ ದೊಡ್ಡ ದೊಡ್ಡ ಕಾರ್ ರ‍್ಯಾಲಿಗಳನ್ನೆಲ್ಲ ಗೆದ್ದವರು. ಅದೂ ಸೊಲ್ಲಾಪುರದ ನವಿ ಪೇಠದಲ್ಲಿರುವ ತಮ್ಮ ಬಟ್ಟೆ ಅಂಗಡಿಯ ಗಾದಿಯಿಂದ ಏಳದೆ! ನಿಜವಾಗಿ ಗೆದ್ದದ್ದು ಪರದೇಶದ ಒಂದು ಕಾರ್ ಕಂಪನಿ. ಆದರೆ ಇವರು ಹೇಳುವುದು "ನಾವು ಗೆದ್ದಿವಿ" ಎಂದೇ. ಆ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮೂವತ್ತೆಂಟು ವರ್ಷ ಮೂರು ಹೊತ್ತೂ ಕೇಳಿದ್ದೇನೆ, ನೀವಾದರೂ ಸುಖವಾಗಿರಿ.

ಮದುವೆಯಾದ ಹೊಸತರಲ್ಲಿ ಗಂಡನಾದವನು ಹೆಂಡತಿಯ ಹತ್ತಿರ ಏನು ಮಾತಾಡುತ್ತಾನೆ? ಇವರು ಗೇರ್‌ಬಾಕ್ಸ್ ಬಗ್ಗೆ ಮಾತಾಡಿದರು! ಹಿಮದ ಘಟ್ಟದಲ್ಲಿ ನಮ್ಮ ಚಿಕ್ಕ ಗಾಡಿ ದೊಡ್ಡ ಗಾಡಿಗಳನ್ನು ಹಿಂದೆ ಹಾಕಿ ಮೊದಲು ಬಂದದ್ದು, ಮರುವರ್ಷ ಮರಳುಗಾಡಿನಲ್ಲಿ ರೇಡಿಯೇಟರ್ ಒಡೆದರೂ ಗೆದ್ದದ್ದು, ಆಮೇಲೆ ಕಾಡಿನ ಕೆಸರಿನಲ್ಲಿ ಮೊದಲ ಮೂರೂ ಸ್ಥಾನ ನಮಗೇ ಬಂದದ್ದು, ಎಲ್ಲ ನನಗೆ ಬಾಯಿಪಾಠ. ಬೇಕೆಂದು ಕಲಿತದ್ದಲ್ಲ, ತಪ್ಪಿಸಿಕೊಳ್ಳಲಾಗದೆ ಕಲಿತದ್ದು.

ಅಂಗಡಿಗೆ ಬಂದ ಗಿರಾಕಿಗೂ ಬಿಡುಗಡೆಯಿಲ್ಲ. ಮೇ ತಿಂಗಳ ಉರಿಬಿಸಿಲಲ್ಲಿ ಟವೆಲ್ ಕೊಳ್ಳಲು ಬಂದ ಕಂದಲಗಾಂವದವರೊಬ್ಬರು ಹಿಮದ ಕಥೆಯನ್ನು ಪೂರ್ತಿ ಕೇಳಿ, ಎರಡು ಚಾದರ ಒಯ್ದರು. ಅವತ್ತಿನಿಂದ ಇವರನ್ನು ಹಿಡಿಯುವವರೇ ಇಲ್ಲ.

ನಮ್ಮ ಹಳೆಯ ಗಾಡಿ ಆ ಕಂಪನಿಯದೂ ಅಲ್ಲ. ಆದರೂ ಅದರಲ್ಲಿ ಕೂತರೆ ರ‍್ಯಾಲಿಯ ನಿಯಮವೇ. ಪಕ್ಕದಲ್ಲಿ ಕೂತವರು ಮುಂದಿನ ದಾರಿಯನ್ನು ನೋಟ್‌ಬುಕ್ ನೋಡಿ ಓದಿ ಹೇಳಬೇಕಂತೆ! ಅಕ್ಕಲಕೋಟೆಯ ದಾರಿಗೆ ಅಂಥದೊಂದನ್ನು ಬರೆದಿಟ್ಟಿದ್ದರು. ಓದುವವಳು ನಾನು: "ನೂರು ಮೀಟರ್ ಸೀದಾ... ಬಲಕ್ಕ ಸಣ್ಣ ತಿರುವು... ಮುಂದ ಖಡ್ಡಾ, ದೊಡ್ಡ ತಗ್ಗು." ಇಷ್ಟೆಲ್ಲ ಓದಿಸಿಕೊಂಡು ಓಡಿಸುವುದು ಮೂವತ್ತರ ವೇಗದಲ್ಲಿ. ಅದೇ ದಾರಿಯಲ್ಲಿ ವಾಗದರಿಗೆ ನನ್ನ ತಂಗಿಯ ಮಗಳ ಮದುವೆಗೆ ಹೊರಟಾಗ ಬೈಕಿನವನೊಬ್ಬ ಪಕ್ಕಕ್ಕೆ ಬಂದು, ಬಗ್ಗಿ ಕೇಳಿದ: "ಕಾಕಾ, ಗಾಡಿ ಬಂದ್ ಬಿದ್ದೈತೇನ್ರಿ? ಧಕ್ಕಾ ಕೊಡ್ಲ್ಯಾ?"

ನಾವು ಮುಟ್ಟುವಾಗ ಅಕ್ಷತೆ ಮುಗಿದು ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು.

"ಅಕ್ಕಿಕಾಳು ತಪ್ಪಿದುವಲ್ರಿ!" ಎಂದು ಸಿಡಿದೆ.

"ರ‍್ಯಾಲಿಯೊಳಗ ಗಾಡಿ ಮುಟ್ಟೂದು ಮುಖ್ಯ ಐತಿ. ಅರ್ಧಾ ಮಂದಿ ಮುಟ್ಟೂದೇ ಇಲ್ಲ."

ನಾನು ಹೋಗಿ ಮೂರನೇ ಪಂಕ್ತಿಗೆ ಕೂತೆ.

ಹೋದ ತಿಂಗಳು ಲೈಸೆನ್ಸ್ ನವೀಕರಿಸಲು ಕಣ್ಣಿನ ಡಾಕ್ಟರ ಚೀಟಿ ಬೇಕಾಯಿತು. ಡಾಕ್ಟರು ಎರಡೆರಡು ಸಲ ತಪಾಸಣೆ ಮಾಡಿದರು. "ಶೇಟಜೀ, ಕಣ್ಣಿನ ನರ ಒಣಗ್ಯಾವ್ರಿ. ಹೋದ ನಜರ್ ತಿರುಗಿ ಬರಂಗಿಲ್ಲ. ಇನ್ನ ಗಾಡಿ ಹೊಡೀಬ್ಯಾಡ್ರಿ" ಎಂದರು.

ಗಾಡಿಯನ್ನು ಅಲ್ಲೇ ಬಿಟ್ಟು ರಿಕ್ಷಾದಲ್ಲಿ ಮನೆಗೆ ಬಂದೆವು. ಇವರು ಕೀಲಿಯನ್ನು ದೇವರ ಮುಂದಿಟ್ಟು ಸುಮ್ಮನಾದರು. ಒಂದು ವಾರ ಹಿಮವಿಲ್ಲ, ಮರಳಿಲ್ಲ, ಕೆಸರಿಲ್ಲ. ಇಷ್ಟು ವರ್ಷ ನಾನು ದೇವರಲ್ಲಿ ಬೇಡಿದ್ದು ಇದನ್ನೇ ಅಲ್ಲವೇ? ಆದರೆ ಆ ಮನೆಯಲ್ಲಿ ನನಗೆ ಇರಲಾಗಲಿಲ್ಲ. ಅಂಗಡಿಯಲ್ಲೂ ಟವೆಲ್ ಕೇಳಿದವರಿಗೆ ಟವೆಲ್ ಅಷ್ಟೇ ಕೊಟ್ಟು ಕಳಿಸುತ್ತಾರೆಂದು ಮಗ ಹೇಳಿದ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎಂಟನೇ ದಿನ ಚಹಾ ಕೊಟ್ಟು, ಎದುರಿಗೆ ಕೂತು ನಾನೇ ಶುರು ಮಾಡಿದೆ: "ಆ ಹಿಮದ ಘಟ್ಟದಾಗ ನಮ್ಮ ಗಾಡಿ ಎರಡನೇದು ಬಂತಲ್ರಿ..."

ಇವರು ಒಂದು ಗುಟುಕು ಚಹಾ ಕುಡಿದರು.

"ಮರಳಿನಾಗ ರೇಡಿಯೇಟರ್ ಒಡೀತು, ನಡುವ ಬಿಟ್ಟ ಬಂದ್ರು."

ಇವರ ಕೈಯ ಕಪ್ ಬಸಿಯ ಮೇಲೆ ಠಕ್ಕೆಂದು ಕೂತಿತು.

"ಕೆಸರಿನಾಗಂತೂ ಬಿಡ್ರಿ, ನಮ್ಮ ಮೂರೂ ಗಾಡಿ ಸಿಕ್ಕೊಂಡ ಕುಂತುವು."

"ಏ! ಮೂರೂ ಗೆದ್ದುವು!" ಎಂದರು. ಆಮೇಲೆ ನನ್ನ ಮುಖ ಎಲ್ಲಿದೆಯೆಂದು ಹುಡುಕುವಂತೆ ನೋಡಿದರು. "ಇಷ್ಟ ವರ್ಷ ಕೇಳೀದಿ. ಬೇಕಂತ ತಪ್ಪ ಹೇಳಾಕತ್ತಿ, ಹೌದಿಲ್ಲೊ?"

"ಹೌದ್ರಿ."

ಮೇಜಿನ ಮೇಲೆ ತಡವರಿಸಿ ನನ್ನ ಕೈ ಹಿಡಿದುಕೊಂಡರು.

"ಹಂಗಾರ ಮೊದಲಿಂದ ಹೇಳು. ಈ ಸಲ ಗೆಲ್ಲಸು."